ಬೇಸಿಗೆ ರಜವೂ ಗಾಜಿನ ಬೀರುವೂ

ನಮ್ಮ ಮನೆಯ ಪುಸ್ತಕದ ಬೀರುವಿಗೆ ಬಾಗಿಲಿಲ್ಲ. ಕಡೂರಿಗೆ ವರ್ಗವಾಗಿ ಬಂದ ವರ್ಷ ಆಚಾರಿಗೆ ಹೇಳಿ ಮಾಡಿಸಿದ್ದು. ಅಂದಿನಿಂದ ಅದು ಬಾಯಿ ತೆರೆದುಕೊಂಡೇ ನಿಂತಿದೆ. ಕಡೂರಿನ ಧೂಳು ನಿಮಗೆ ಗೊತ್ತಲ್ಲ? ಶಿವರಾತ್ರಿ ಕಳೆಯಿತೆಂದರೆ ಅನ್ನದ ತಟ್ಟೆಯನ್ನೂ ಬಿಡುವುದಿಲ್ಲ. ನನ್ನ ಹೆಂಡತಿ ಸುಶೀಲೆ ದಿನಕ್ಕೊಮ್ಮೆ ಪುಸ್ತಕಗಳನ್ನು ಒರೆಸುತ್ತಾಳೆ, ಒರೆಸುವಾಗಲೆಲ್ಲ ನನಗೊಂದು ಮಾತು ಅನ್ನುತ್ತಾಳೆ. ಈ ಸಲ ಯುಗಾದಿ ಮುಗಿಯುತ್ತಿದ್ದಂತೆ ನನಗೆ ತಿಳಿಸದೆ ಆಚಾರಿಯನ್ನೇ ಕರೆಸಿಬಿಟ್ಟಳು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಆತ ಬೀರುವಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅಳತೆ ಹಿಡಿಯುತ್ತಿದ್ದ.

“ಗಾಜಿಂದೇ ಹಾಕ್ಲಾ ಸಾಮಿ? ಒಳಗಿರೋ ಬುಕ್ಕೆಲ್ಲ ಚೆಂದಾಗಿ ಕಾಣ್ತವೆ” ಅಂದ.

“ಗಾಜೂ ಬೇಡ, ಬಾಗಿಲೂ ಬೇಡ. ಕಾಫಿ ಕುಡ್ಕೊಂಡು ಹೋಗಪ್ಪ” ಅಂದೆ.

“ಅದೇನು ಕರ್ಮವೋ, ಇವರಿಗೆ ಬೀರುವಿನ ಬಾಗಿಲು ಕಂಡ್ರೆ ದೆವ್ವ ಕಂಡಂಗಾಡ್ತಾರೆ” ಎಂದು ಸುಶೀಲೆ ಅಡಿಗೆಮನೆಯಿಂದಲೇ ಹೇಳಿದಳು. ಕಾರಣ ಅವಳಿಗೆ ಗೊತ್ತಿಲ್ಲವೆಂದಲ್ಲ. ಮದುವೆಯಾದ ಹೊಸದರಲ್ಲೇ ಹೇಳಿದ್ದೆ. ಆದರೆ ಧೂಳು ಒರೆಸುವವಳು ಅವಳು, ಹಳೆಯ ಕಥೆ ನೆನೆಯುತ್ತ ಕೂರುವವನು ನಾನು. ಅವಳ ಸಿಟ್ಟಿನಲ್ಲಿ ನ್ಯಾಯವಿದೆ.

ಆಚಾರಿ ಹೋದ ಮೇಲೆ ನಾನು ಪ್ರತಿ ವರ್ಷದಂತೆ ಬೇಸಿಗೆಯ ಪುಸ್ತಕಗಳನ್ನು ಮೇಜಿನ ಮೇಲೆ ಪೇರಿಸಿದೆ. ಬೇಸಿಗೆ ರಜ ಹತ್ತಿರ ಬಂತೆಂದರೆ ನಮ್ಮಂಥ ಮೇಷ್ಟರುಗಳಿಗೆ ಒಂದು ಹುಚ್ಚು ಹಿಡಿಯುತ್ತದೆ. ಊರಿನವರು ತಿಳಿದಿರುವಂತೆ ಅದು ನಿದ್ದೆಯ ಹುಚ್ಚಲ್ಲ, ಓದಿನ ಹುಚ್ಚು. ಬೆಳಗಿನ ತಂಪು ಹೊತ್ತಿನಲ್ಲಿ ಕೆಲಸದ ಓದು, ಮಧ್ಯಾಹ್ನ ಊಟ ಮಾಡಿ ಮಲಗಿ ಎದ್ದ ಮೇಲೆ ಸಂತೋಷದ ಓದು ಎಂದು ಮನಸ್ಸಿನಲ್ಲೇ ಗೆರೆ ಎಳೆದುಕೊಳ್ಳುತ್ತೇವೆ. ಹೊಸ ಪಠ್ಯದ ಕೈಪಿಡಿ ಎಡಗಡೆ, ದಪ್ಪ ಕಾದಂಬರಿ ಬಲಗಡೆ. ಆಮೇಲೆ ಆಗುವುದನ್ನು ನೀವೇ ಊಹಿಸಿಕೊಳ್ಳಿ. ಮೊದಲ ವಾರ ಹಾಸಿಗೆ ಬಿಡುವುದಿಲ್ಲ. ಅಷ್ಟರಲ್ಲಿ ಹೆಂಡತಿಯ ಕಡೆ ಮದುವೆ, ಹಿಂದೆಯೇ ಅಣ್ಣನ ಮಗುವಿನ ಜವಳ. ಇನ್ನು ಕೂರೋಣ ಅನ್ನುವಾಗ ಅಮಲ್ದಾರರ ಕಚೇರಿಯ ಜವಾನ ಬಾಗಿಲಲ್ಲಿ ನಿಂತು, ಮತದಾರರ ಪಟ್ಟಿಗೆ ಮನೆಮನೆ ತಿರುಗಬೇಕೆಂದು ಹೇಳುತ್ತಾನೆ. ಮೊದಲ ಮಳೆ ಬೀಳುವ ಹೊತ್ತಿಗೆ ಎಡಗಡೆಯ ಪುಸ್ತಕ ಎಡಗಡೆಯೇ, ಬಲಗಡೆಯದು ಬಲಗಡೆಯೇ. ಕೈಪಿಡಿಯ ಮೇಲೆ ಮಾತ್ರ ಮಜ್ಜಿಗೆ ಲೋಟದ ಗುರುತು ಬಿದ್ದಿರುತ್ತದೆ.

ಈ ಹುಚ್ಚು ನನಗೆ ಮೇಷ್ಟ್ರಾದ ಮೇಲೆ ಹತ್ತಿದ್ದಲ್ಲ. ನಾನು ಹುಟ್ಟಿ ಬೆಳೆದದ್ದು ಪಂಚನಹಳ್ಳಿಯ ಕಡೆ. ಮನೆಯಲ್ಲಿ ಪುಸ್ತಕವೆಂದರೆ ಪಂಚಾಂಗ ಒಂದೇ, ಅದನ್ನು ಮುಟ್ಟಿದರೆ ಅಪ್ಪ ಬೈಯುತ್ತಿದ್ದರು. ಹಾಗಾಗಿ ನನ್ನ ಬೇಸಿಗೆಯ ಓದೆಲ್ಲ ಅಜ್ಜಿಯ ಟ್ರಂಕಿನೊಳಗೆ ನಡೆಯಿತು. ಟ್ರಂಕಿನ ಮುಚ್ಚಳದ ಒಳಮೈಗೆ ಯಾರೋ ಹಳೆಯ ಪತ್ರಿಕೆಯ ಹಾಳೆ ಅಂಟಿಸಿದ್ದರು. ಬಿಸಿಲ ಹೊತ್ತಿನಲ್ಲಿ ಎಲ್ಲರೂ ಮಲಗಿದಾಗ ಮುಚ್ಚಳ ಎತ್ತಿ, ಸೀರೆಗಳ ನಡುವೆ ತಲೆ ತೂರಿಸಿ ಓದುತ್ತಿದ್ದೆ. ಎಲ್ಲಿಯದೋ ಸಮುದ್ರದಲ್ಲಿ ಒಂದು ಹಡಗು ಬಿರುಗಾಳಿಗೆ ಸಿಕ್ಕಿತ್ತು. ಜನ ದೇವರನ್ನು ಕೂಗುತ್ತಿದ್ದರು, ಕ್ಯಾಪ್ಟನ್ನು ದೋಣಿ ಇಳಿಸಲು ಹೇಳಿದ್ದ. ಮುಂದಿನ ಸಾಲುಗಳ ಮೇಲೆ ಟ್ರಂಕಿನ ಕೀಲು ಕೂತಿತ್ತು. ಆ ಕೀಲನ್ನು ಉಗುರಿನಿಂದ ಎಷ್ಟು ಕೆರೆದಿದ್ದೇನೆಂದು ನನಗೇ ಗೊತ್ತು. ಅಜ್ಜಿ ಎದ್ದು ಬಂದು ಬೆನ್ನಿಗೊಂದು ಕೊಡುತ್ತಿದ್ದಳು. “ಲೇ, ಮಟಮಟ ಮಧ್ಯಾಹ್ನ ಓದ್ಬೇಡ ಕಣೋ, ಕಣ್ಣು ಹೋಯ್ತವೆ!” ಅನ್ನುತ್ತಿದ್ದಳು. ಓದಿದರೆ ಕಣ್ಣು ಹೋಗುತ್ತದೆಂದು ಅವಳು ನಂಬಿದ್ದಳು. ನಾನು ನಂಬಿರಲಿಲ್ಲ. ಮುಂದೆ ರುದ್ರಯ್ಯ ಮೇಷ್ಟ್ರನ್ನು ನೋಡಿದಾಗ ಆ ಮಾತು ನೆನಪಾಗಿ ಸುಮ್ಮಸುಮ್ಮನೆ ಅಜ್ಜಿಯ ಮೇಲೆ ಸಿಟ್ಟು ಬಂದಿತ್ತು.

ರುದ್ರಯ್ಯ ಮೇಷ್ಟ್ರು ಅಜ್ಜಂಪುರದಲ್ಲಿ ನನ್ನೊಡನೆ ಕೆಲಸ ಮಾಡುತ್ತಿದ್ದ ಕನ್ನಡ ಪಂಡಿತರು. ಯಾವ ಶಾಲೆ ಎಂದು ಕೇಳಬೇಡಿ. ಅದು ಈಗಲೂ ಇದೆ, ಅಲ್ಲಿ ಈಗ ಬೇರೆ ಜನ ಇದ್ದಾರೆ, ಅವರದೇನೂ ತಪ್ಪಿಲ್ಲ. ನನಗೆ ಅದು ಮೊದಲ ಕೆಲಸ. ಮದುವೆಯಾಗಿರಲಿಲ್ಲ, ಸ್ಟೇಷನ್ ರಸ್ತೆಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದೆ. ವಿಜ್ಞಾನ, ಲೆಕ್ಕ ನನ್ನ ಪಾಲು. ಮೇಷ್ಟ್ರಿಗೆ ನಿವೃತ್ತಿ ಹತ್ತಿರವಿತ್ತು. ಹಣೆಯಲ್ಲಿ ವಿಭೂತಿ, ಮುಚ್ಚಿದ ಕಾಲರಿನ ಕೋಟು, ಕೈಯಲ್ಲಿ ಯಾವಾಗಲೂ ಒಂದು ಪುಸ್ತಕ. ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಹೊಂಗೆಮರದ ಕೆಳಗೆ ಕೂತು ಓದುತ್ತಿದ್ದರು. ಪಕ್ಕದಲ್ಲಿ ಹುಡುಗರು ಬುಗುರಿ ಆಡಿ ಕೂಗಾಡಿದರೂ ಅವರಿಗೆ ಕೇಳುತ್ತಿರಲಿಲ್ಲ. ಗಂಟೆ ಹೊಡೆದದ್ದೂ ಕೇಳುತ್ತಿರಲಿಲ್ಲ, ಅದನ್ನು ನಾನು ಹೋಗಿ ಹೇಳಬೇಕಾಗಿತ್ತು.

ಅವರ ಕೈಯಲ್ಲಿದ್ದ ಪುಸ್ತಕಗಳ ಹಿಂದೆ ಅವರದೇ ಶ್ರಮವಿತ್ತು. ತರೀಕೆರೆಯಲ್ಲಿ ವಕೀಲರೊಬ್ಬರು ತೀರಿಕೊಂಡಿದ್ದರು. ಅವರ ಮನೆಯವರು ಪುಸ್ತಕಗಳನ್ನು ತೂಕಕ್ಕೆ ಹಾಕುತ್ತಾರೆಂಬ ಸುದ್ದಿ ಬಂದಾಗ ಮೇಷ್ಟ್ರು ಒಬ್ಬರೇ ಓಡಿಹೋಗಿ, ಕಾಡಿ ಬೇಡಿ, ಗೋಣಿಚೀಲಗಳಲ್ಲಿ ತುಂಬಿಸಿ, ಬೀರೂರಿನಲ್ಲಿ ಒಂದು ರೈಲಿನಿಂದ ಇನ್ನೊಂದಕ್ಕೆ ಹೊರಿಸಿ ಅಜ್ಜಂಪುರಕ್ಕೆ ತಂದಿದ್ದರು. ತಂದವರು ತಮ್ಮ ಮನೆಗೆ ಒಯ್ಯಲಿಲ್ಲ, ಶಾಲೆಗೆ ಕೊಟ್ಟರು. ಯಾಕೆ ಸಾರ್ ಎಂದು ಕೇಳಿದ್ದೆ.

“ನನ್ನ ಮನೇಲಿಟ್ಕೊಂಡ್ರೆ ನಾನೊಬ್ಬ ಓದ್ತೀನಿ ಕಣಪ್ಪ. ಸ್ಕೂಲಲ್ಲಿದ್ರೆ ಊರೇ ಓದುತ್ತೆ” ಅಂದಿದ್ದರು.

ಊರು ಓದಿತೋ ಇಲ್ಲವೋ, ಶಾಲೆಯವರು ಪುಸ್ತಕಗಳಿಗೆ ನಂಬರು ಹಾಕಿ ಒಂದು ದೊಡ್ಡ ಗಾಜಿನ ಬೀರುವಿನಲ್ಲಿ ಜೋಡಿಸಿದರು. ಇಲ್ಲಿಂದ ನಮ್ಮ ಕಷ್ಟ ಶುರು. ನಮ್ಮಲ್ಲಿ ಒಂದು ಪದ್ಧತಿಯಿತ್ತು. ರಜಕ್ಕೆ ಮುಂಚೆ ಎಲ್ಲ ಪುಸ್ತಕಗಳೂ ಬೀರುವಿಗೆ ವಾಪಸಾಗಬೇಕು. ಹೆಡ್ಮಾಸ್ಟರು ಎಣಿಸಿ, ಬೀಗ ಹಾಕಿ, ಬೀಗಕ್ಕೆ ದಾರ ಸುತ್ತಿ ಅರಗಿನ ಮುದ್ರೆ ಒತ್ತುತ್ತಿದ್ದರು. ಶಾಲೆ ತೆರೆದ ಮೇಲೆ ಅವರೇ ಮುದ್ರೆ ಒಡೆದು ಮತ್ತೆ ಎಣಿಸುವವರೆಗೆ ಯಾರೂ ಮುಟ್ಟುವಂತಿಲ್ಲ. ವರ್ಷವೆಲ್ಲ ಪುಸ್ತಕ ಇರುತ್ತದೆ, ಓದಲು ಬಿಡುವಿರುವುದಿಲ್ಲ. ರಜದಲ್ಲಿ ಬಿಡುವಿರುತ್ತದೆ, ಪುಸ್ತಕಕ್ಕೆ ಬೀಗ. ಈ ಏರ್ಪಾಡನ್ನು ಕಂಡುಹಿಡಿದ ಮಹಾನುಭಾವ ಯಾರೋ ತಿಳಿಯದು. ಆದರೆ ನಮ್ಮ ಹೆಡ್ಮಾಸ್ಟರು ಕೆಟ್ಟವರಲ್ಲ. ಹಿಂದೆ ಬೇರೊಂದು ಊರಿನಲ್ಲಿ ಪುಸ್ತಕ ಕಳೆದು ಬಹಳ ಪೇಚಾಡಿದ್ದರಂತೆ. ಅಂದಿನಿಂದ ಅವರಿಗೆ ಪುಸ್ತಕವೆಂದರೆ ಓದುವ ವಸ್ತುವಲ್ಲ, ಕಳೆದುಹೋಗಬಹುದಾದ ವಸ್ತು.

ಆ ವರ್ಷ ಮೇಷ್ಟ್ರು ಓದುತ್ತಿದ್ದದ್ದು ಕೆಂಪು ಬಟ್ಟೆಯ ರಟ್ಟಿನ ಒಂದು ದಪ್ಪ ಪುಸ್ತಕ. ಮೊದಲ ಹಾಳೆಗಳು ಹರಿದುಹೋಗಿದ್ದವು. ಹೆಸರೇನು, ಬರೆದವರು ಯಾರು, ಎಲ್ಲಿ ಅಚ್ಚಾದದ್ದು, ಒಂದೂ ಗೊತ್ತಿಲ್ಲ. ಮೈಸೂರು ಸೀಮೆಯವನೊಬ್ಬ ಹಿಂದಿನ ಕಾಲದಲ್ಲಿ ನಡೆದುಕೊಂಡೇ ಕಾಶಿಗೆ ಹೊರಟ ಕಥನ ಅದು. ಮೇಷ್ಟ್ರು ಓದಿದ್ದನ್ನು ಸಂಜೆ ನನಗೆ ಹೇಳುತ್ತಿದ್ದರು. ಆ ಯಾತ್ರಿಕನಿಗೆ ಎಲ್ಲಿ ಜ್ವರ ಬಂತು, ಯಾವ ಛತ್ರದಲ್ಲಿ ಯಾರು ಗಂಜಿ ಕೊಟ್ಟರು, ಚಪ್ಪಲಿ ಎಲ್ಲಿ ಕಿತ್ತುಹೋಯಿತು, ಎಲ್ಲ ನಮ್ಮೂರಿನ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದರು. ರಜ ಹತ್ತಿರ ಬಂದಾಗ ಅವನು ನರ್ಮದೆಯ ದಡಕ್ಕೆ ಬಂದಿದ್ದ. ಹೊಳೆ ತುಂಬಿ ಹರಿಯುತ್ತಿತ್ತು, ಜೊತೆಯಲ್ಲಿದ್ದವರು ಹಿಂದಿರುಗಿದ್ದರು. ಅಂಬಿಗ ಈ ನೀರಿನಲ್ಲಿ ದೋಣಿ ಹಾಕೋದಿಲ್ಲ ಅಂದಿದ್ದ. ಯಾತ್ರಿಕ ಗಂಟು ತಲೆಯ ಮೇಲಿಟ್ಟುಕೊಂಡು ಒಬ್ಬನೇ ದಡದಲ್ಲಿ ನಿಂತಿದ್ದ. ಅಷ್ಟಕ್ಕೆ ಮೇಷ್ಟ್ರು ಆ ಪುಟದಲ್ಲಿ ಅರಳಿ ಎಲೆಯೊಂದನ್ನು ಇಟ್ಟು ಮುಚ್ಚಿದ್ದರು.

ಓದು ಅಷ್ಟು ನಿಧಾನವಾಗಿ ಯಾಕೆ ಸಾಗುತ್ತಿದೆಯೆಂದು ನನಗೆ ಆಗ ತಿಳಿಯಲಿಲ್ಲ. ಒಂದು ದಿನ ಅವರ ಹೆಂಡತಿ ಗೌರಮ್ಮನವರು ನನ್ನನ್ನು ಹಿತ್ತಿಲಿಗೆ ಕರೆದು ಹೇಳಿದರು.

“ಶಿವಮೊಗ್ಗದ ಡಾಕ್ಟ್ರು ಹೇಳವ್ರಂತೆ ಕಣಪ್ಪ, ಇವರ ಕಣ್ಣಿಗೆ ಬಂದಿರೋದು ಪೊರೆ ಅಲ್ವಂತೆ, ತೆಗೆಯೋಕಾಗಲ್ವಂತೆ. ಒಳಗಿನ ನರವೇ ಒಣಗ್ತಾ ಐತಂತೆ. ಬೆಳಕಲ್ಲಿ ಒಂಚೂರು ಕಾಣುತ್ತೆ. ಮಳೆಗಾಲದ ಮೋಡ ಕಟ್ಟೋ ಹೊತ್ಗೆ ಅದೂ ಇರಾಕಿಲ್ಲ ಅಂದ್ರಂತೆ. ನಿನ್ ಹತ್ರ ಹೇಳಿದಾರಾ?”

ಹೇಳಿರಲಿಲ್ಲ. ನಾನು ಕೇಳಿದಾಗ ಮೇಷ್ಟ್ರು ಕೋಟಿನ ತುದಿಯಿಂದ ಕನ್ನಡಕ ಒರೆಸುತ್ತ, “ಹೇಳಿ ಏನಾಗ್ಬೇಕಪ್ಪ? ಈ ಬೇಸಿಗೆ ಒಂದು ಕೈಲಿದೆ. ಬಿಸಿಲು ಚೆನ್ನಾಗಿರುತ್ತೆ, ಅಕ್ಷರ ಕಾಣುತ್ತೆ. ಅವನನ್ನ ಕಾಶಿಗೆ ಮುಟ್ಸಿಬಿಟ್ರೆ ನನಗೆ ಸಾಕು” ಅಂದರು. ಜೀವಮಾನವೆಲ್ಲ ಪಠ್ಯಪುಸ್ತಕದ ಅದೇ ಪದ್ಯ, ಅದೇ ಸಾರಾಂಶ ಹೇಳಿದ ಮನುಷ್ಯ. ಕೆಲಸಕ್ಕಾಗಿ ಓದಿದ್ದು ಮುಗಿಯಿತು, ಇನ್ನು ನನಗಾಗಿ ಒಂದು ಬೇಸಿಗೆ ಓದುತ್ತೇನೆ ಅಂದುಕೊಂಡಿದ್ದರು.

ಕೊನೆಯ ದಿನ ಹೆಡ್ಮಾಸ್ಟರು ಪುಸ್ತಕ ಕೇಳಿದರು. ಮೇಷ್ಟ್ರು ಒಂದು ತಿಂಗಳ ಮಟ್ಟಿಗೆ ಮನೆಯಲ್ಲಿರಲಿ ಎಂದು ಕೇಳಿಕೊಂಡರು. ನಾನೂ ಹೇಳಿದೆ.

“ನಿಮಗೊಬ್ರಿಗೆ ಬಿಟ್ರೆ ನಾಳೆ ಡ್ರಿಲ್ ಮಾಸ್ಟ್ರೂ ಕೇಳ್ತಾರೆ ಕಣ್ರೀ. ಇನ್ಸ್‌ಪೆಕ್ಟ್ರು ಬಂದು ಎಲ್ಲಿ ಅಂದ್ರೆ ನಾನೇನ್ ಹೇಳ್ಲಿ? ಎರಡು ತಿಂಗಳು ತಾನೆ, ಪುಸ್ತಕ ಎಲ್ಲಿ ಓಡಿ ಹೋಗುತ್ತೆ?” ಅಂದರು ಹೆಡ್ಮಾಸ್ಟರು. ಕಣ್ಣಿನ ವಿಷಯ ಹೇಳಿಬಿಡೋಣ ಎಂದು ನಾನು ಬಾಯಿ ತೆರೆದೆ, ಮೇಷ್ಟ್ರು ಕೈ ಅದುಮಿದರು. ನಿವೃತ್ತಿಗೆ ಮುಂಚೆಯೇ ಕೆಲಸ ಬಿಡಿಸಿಬಿಡುತ್ತಾರೆಂಬ ಅಂಜಿಕೆ ಅವರಿಗೆ. ತಾವೇ ಎದ್ದು ಹೋಗಿ ಕೆಂಪು ಪುಸ್ತಕವನ್ನು ಅದರ ಜಾಗದಲ್ಲಿಟ್ಟರು.

ಆ ಸಲ ಹೆಡ್ಮಾಸ್ಟರ ಕಾಳಜಿ ಇನ್ನೂ ಒಂದು ಮೆಟ್ಟಿಲು ಏರಿತ್ತು. ಹಿಂದಿನ ಹಲಗೆ ಕಿತ್ತು ಕದ್ದಾರೆಂದು ಬೀರುವನ್ನು ಮಣ್ಣಿನ ಗೋಡೆಗೆ ಒತ್ತಿ ನಿಲ್ಲಿಸಿದರು. ಧೂಳು ಒಳಗೆ ಹೋಗದಿರಲೆಂದು ಮೈದಾ ಅಂಟು ಕಾಯಿಸಿ ಬಾಗಿಲಿನ ಸಂದುಗಳಿಗೆಲ್ಲ ಕಾಗದದ ಪಟ್ಟಿ ಅಂಟಿಸಿದರು. ಅರಗು ಕರಗಿಸಿ ಮುದ್ರೆ ಒತ್ತಿ, ಕೋಣೆಗೂ ಬೀಗ ಹಾಕಿ, ಕೀಲಿ ಜೇಬಿಗಿಳಿಸಿ ತಮ್ಮ ಊರಾದ ಕಡೂರಿಗೆ ಹೊರಟುಹೋದರು.

ನಮಗೆ ಉಳಿದದ್ದು ಕಿಟಕಿ. ಕೋಣೆಯ ಕಿಟಕಿಗೆ ಸರಳುಗಳಿದ್ದವು, ಆಚೆಗೆ ಬೀರುವಿನ ಗಾಜು. ಮೇಷ್ಟ್ರು ದಿನಾ ಬೆಳಿಗ್ಗೆ ಬಿಸಿಲು ಏರುವ ಮೊದಲು ಬಂದು ಸರಳು ಹಿಡಿದು ನಿಲ್ಲುತ್ತಿದ್ದರು. ಪುಸ್ತಕಗಳ ಬೆನ್ನು ಸಾಲಾಗಿ ಕಾಣುತ್ತಿತ್ತು, ಒಂದೂ ಓರೆಯಾಗದೆ.

“ಕೆಂಪಗೆ ಕಾಣ್ತಿದೆಯಲ್ಲ, ಅದೇ ತಾನೇ?” ಎಂದು ಕೇಳುತ್ತಿದ್ದರು.

“ಅದೇ ಸಾರ್. ಅಲ್ಲೇ ಇದೆ.”

ಒಂದು ದಿನ ನಾನೇ, ಬೀಗ ಒಡೆದುಬಿಡೋಣ, ಆಮೇಲೆ ನೋಡಿಕೊಂಡರಾಯಿತು ಅಂದೆ. ಮೇಷ್ಟ್ರು ನನ್ನನ್ನು ದುರುಗುಟ್ಟಿ ನೋಡಿದರು. “ಹುಡುಗ್ರಿಗೆ ಕದೀಬೇಡಿ ಅಂತ ಪಾಠ ಹೇಳಿದ ಬಾಯಿ ಕಣೋ ಇದು. ಕಾಶಿ ಯಾತ್ರೆ ಕದ್ದು ಓದೋದಾ? ಕೇಳಿ ತೆಗೆಸೋಣ, ನಡಿ” ಅಂದರು.

ಕೇಳಲು ಕಡೂರಿಗೆ ಹೊರಟೆವು. ಆ ರೈಲಿನ ಪ್ರಯಾಣ ನಾನು ಮರೆತಿಲ್ಲ. ಮೇಷ್ಟ್ರು ಕಿಟಕಿಯ ಪಕ್ಕ ಕೂತು, ಕಣ್ಣಿಗೆ ಬಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದರು. “ಸರಪಳಿ ಎಳೆಯಬೇಡಿ.” “ಕುಡಿಯುವ ನೀರು.” ಬೀರೂರಿನಲ್ಲಿ ರೈಲು ನಿಂತಾಗ ಸ್ಟೇಷನ್ನಿನ ದೊಡ್ಡ ಹಳದಿ ಬೋರ್ಡನ್ನು ಅಕ್ಷರ ಅಕ್ಷರವಾಗಿ ಓದಿದರು. ಎದುರಿಗೆ ಕೂತಿದ್ದ ತೆಂಗಿನಕಾಯಿ ವ್ಯಾಪಾರದವರೊಬ್ಬರು, “ಏನ್ ಸಾಮಿ, ಈ ವಯಸ್ಸಲ್ಲಿ ಓದೋಕೆ ಕಲೀತಿದೀರಾ?” ಎಂದು ನಕ್ಕರು.

“ಹೂನಪ್ಪಾ. ಪರೀಕ್ಷೆ ಹತ್ರ ಬಂತು” ಅಂದರು ಮೇಷ್ಟ್ರು.

ಕಡೂರಿನ ಮನೆಗೆ ಹೋದರೆ ಹೆಡ್ಮಾಸ್ಟರಿಲ್ಲ, ತಂಗಿಯ ಮಗಳ ಮದುವೆಗೆ ತರೀಕೆರೆಗೆ ಹೋಗಿದ್ದಾರೆ ಅಂದರು. ಮತ್ತೆ ಬೀರೂರಿಗೆ ಬಂದು ತರೀಕೆರೆಯ ರೈಲು ಹತ್ತಿದೆವು. ಚಪ್ಪರದಲ್ಲಿ ಧಾರೆ ಮುಗಿದು ಎಲೆ ಹಾಕುತ್ತಿದ್ದರು. ಹೆಡ್ಮಾಸ್ಟರು ಜರಿ ಪಂಚೆ ಉಟ್ಟು, ಹೆಗಲ ಮೇಲೆ ಶಲ್ಯ ಹೊದ್ದು ಓಡಾಡುತ್ತಿದ್ದವರು ನಮ್ಮನ್ನು ನೋಡಿ ಹಿಗ್ಗಿಹೋದರು. ಕರೆಯದೆ ಬಂದ ಅತಿಥಿಗಳೆಂದುಕೊಂಡರೋ ಏನೋ, ಕೈ ಹಿಡಿದು ಕರೆದುಕೊಂಡು ಹೋಗಿ ಊಟಕ್ಕೆ ಕೂರಿಸಿದರು. ಹೋಳಿಗೆಯ ಮೇಲೆ ತುಪ್ಪ ಬೀಳುವಾಗ ಮೇಷ್ಟ್ರು ವಿಷಯ ತೆಗೆದರು.

“ಅಷ್ಟಕ್ಕೋಸ್ಕರ ಈ ಬಿಸಿಲಲ್ಲಿ ಬಂದ್ರಾ?” ಎಂದು ಹೆಡ್ಮಾಸ್ಟರು ನಿಜವಾಗಿ ನೊಂದುಕೊಂಡರು. “ಕೀಲಿ ಕೊಟ್ಬಿಡಬಹುದು ಮೇಷ್ಟ್ರೇ, ಮುದ್ರೆ ಇದೆಯಲ್ಲ. ಅದನ್ನ ನಾನಿಲ್ದೆ ಒಡೆಯಂಗಿಲ್ಲ. ಬೀಗರ ಔತಣ ಮುಗೀಲಿ, ನಾನೇ ಬತ್ತೀನಿ. ಬಂದು ನಾನೇ ತೆಗೆದು ನಿಮ್ಮ ಕೈಗೆ ಕೊಡ್ತೀನಿ. ಸರಿನಾ? ಈಗ ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಿ.”

ಮೇಷ್ಟ್ರು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಅವರಿಗೆ ಅಷ್ಟು ಸಂತೋಷವಾಗಿತ್ತು. ವಾಪಸು ಬರುವಾಗ ಹೊತ್ತು ಇಳಿದಿತ್ತು, ಆದರೂ ನನಗೆ ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು. ರೈಲು ನಿಂತಾಗ ಅವರು ಕಿಟಕಿಯ ಕಡೆ ತಿರುಗಿ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ, “ಯಾವ ಸ್ಟೇಷನ್ನಪ್ಪ ಇದು?” ಎಂದು ಕೇಳಿದರು. ಹಳದಿ ಬೋರ್ಡು ಅವರ ಮುಖದ ಎದುರಿಗೇ ಇತ್ತು.

“ಬೀರೂರು ಸಾರ್” ಅಂದೆ.

ಹೆಡ್ಮಾಸ್ಟರು ಬರಲಿಲ್ಲ. ಮಾತು ತಪ್ಪುವ ಉದ್ದೇಶ ಅವರಿಗಿರಲಿಲ್ಲ. ಔತಣವಾದ ಮೇಲೆ ಹೊಸ ಬೀಗರು ಕೆಮ್ಮಣ್ಣುಗುಂಡಿ ನೋಡಬೇಕೆಂದರಂತೆ, ಇವರು ಕರೆದುಕೊಂಡು ಹೋದರಂತೆ. ಅಲ್ಲಿಯ ತಂಪಿನಿಂದ ಇಳಿದು ಬಂದವರಿಗೆ ಕಡೂರಿನ ಬಿಸಿಲಿಗೆ ಜ್ವರ ಬಂತಂತೆ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ನಾವು ದಿನಾ ಸ್ಟೇಷನ್ನಿಗೆ ಹೋಗಿ ರೈಲು ನೋಡಿಕೊಂಡು ಬರುತ್ತಿದ್ದೆವು. ಅಲ್ಲಿಂದ ಕಿಟಕಿಯ ಹತ್ತಿರ. ಕೊನೆಕೊನೆಗೆ ಮೇಷ್ಟ್ರು ಸರಳಿಗೆ ಹಣೆಯಾನಿಸಿ, “ನೀನೇ ನೋಡಪ್ಪ” ಅನ್ನುತ್ತಿದ್ದರು. ನಾನು ನೋಡಿ, ಇದೆ ಸಾರ್ ಅನ್ನುತ್ತಿದ್ದೆ. ಆ ಬೇಸಿಗೆಯಲ್ಲಿ ಓದಬೇಕೆಂದು ನಾನು ತಂದಿಟ್ಟುಕೊಂಡಿದ್ದ ಸಾಮಾನ್ಯ ವಿಜ್ಞಾನದ ಕೈಪಿಡಿಯನ್ನಾಗಲಿ ಪತ್ತೇದಾರಿ ಕಾದಂಬರಿಯನ್ನಾಗಲಿ ಮುಟ್ಟಲು ಮನಸ್ಸಾಗಲಿಲ್ಲ. ಒಬ್ಬ ಮನುಷ್ಯನ ಬೆಳಕು ದಿನದಿಂದ ದಿನಕ್ಕೆ ಆರುತ್ತಿದ್ದರೆ ಕೈಕಟ್ಟಿ ನೋಡುವುದಕ್ಕಿಂತ ದೊಡ್ಡ ಶಿಕ್ಷೆ ನನಗೆ ಗೊತ್ತಿಲ್ಲ.

ಶಾಲೆ ತೆರೆಯಿತು. ಮೋಡ ಕಟ್ಟಿತ್ತು, ಮಳೆ ಬಿದ್ದಿರಲಿಲ್ಲ. ಗೌರಮ್ಮನವರು ಮೇಷ್ಟ್ರನ್ನು ಕೈಹಿಡಿದು ಶಾಲೆಯ ಬಾಗಿಲವರೆಗೆ ತಂದು ಬಿಟ್ಟರು, ಅಲ್ಲಿಂದ ನಾನು ಕರೆದುಕೊಂಡು ಹೋದೆ. ಆಗ ಹೆಡ್ಮಾಸ್ಟರಿಗೂ ವಿಷಯ ತಿಳಿಯಿತು. ಅವರ ಮುಖ ಇಳಿದುಹೋಯಿತು. ಮೊದಲು ಬೀರು ತೆಗೆಯೋಣ ಬನ್ನಿ ಅಂದರು. ಕೋಣೆಯ ಬಾಗಿಲು ತೆಗೆದರು, ಮುದ್ರೆ ಒಡೆದರು, ಕಾಗದದ ಪಟ್ಟಿ ಹರಿದರು. ಬೀರು ತೆರೆದುಕೊಂಡಿತು. ಹೊಸ್ತಿಲಲ್ಲಿ ನಿಂತಿದ್ದ ಮೇಷ್ಟ್ರು ಮೂಗರಳಿಸಿದರು.

“ಮಣ್ಣಿನ ವಾಸನೆ. ಎಲ್ಲೋ ಮಳೆ ಆಗಿರ್ಬೇಕು” ಅಂದರು.

ಹೆಡ್ಮಾಸ್ಟರು ಪುಸ್ತಕಗಳ ಪಟ್ಟಿ ಹಿಡಿದು ಬೆನ್ನು ಎಣಿಸುತ್ತಿದ್ದರು. “ಸರಿ ಇದೆ. ಒಂದೂ ಹೋಗಿಲ್ಲ” ಎಂದು ಉಸಿರು ಬಿಟ್ಟರು. ನಾನು ಕೆಂಪು ಪುಸ್ತಕಕ್ಕೆ ಕೈ ಹಾಕಿ ಎಳೆದೆ. ಬೆನ್ನು ಮಾತ್ರ ಕೈಗೆ ಬಂತು. ಅದರ ಹಿಂದೆ ಇದ್ದದ್ದು ಮಣ್ಣು, ಹಸಿ ಹಸಿಯಾದ ಗೆದ್ದಲಿನ ಮಣ್ಣು. ಪಕ್ಕದ ಪುಸ್ತಕವೂ ಹಾಗೆಯೇ. ಅದರಾಚೆಯದೂ ಹಾಗೆಯೇ. ಗೋಡೆಗೆ ಒತ್ತಿ ನಿಲ್ಲಿಸಿದ್ದ ಕಡೆಯಿಂದ ಹುಳುಗಳು ಹತ್ತಿ, ಗಾಳಿ ಬೆಳಕಿಲ್ಲದ ಆ ಭದ್ರತೆಯಲ್ಲಿ ಎರಡು ತಿಂಗಳು ನಿಶ್ಚಿಂತೆಯಾಗಿ ತಿಂದಿದ್ದವು. ನಾವು ಕಿಟಕಿಯಲ್ಲಿ ನಿಂತು ಇದೆ ಇದೆ ಎಂದುಕೊಳ್ಳುತ್ತಿದ್ದಾಗಲೂ ತಿನ್ನುತ್ತಿದ್ದವು. ಹೆಡ್ಮಾಸ್ಟರು ಪಟ್ಟಿ ಹಿಡಿದ ಕೈ ಹಾಗೇ ಎತ್ತಿಕೊಂಡು ನಿಂತರು, ಅವರ ಕಣ್ಣಲ್ಲಿ ನೀರು ಬಂತು.

“ಎಲ್ಲಾ ಇದಾವಾ?” ಎಂದು ಮೇಷ್ಟ್ರು ಹೊಸ್ತಿಲಿಂದ ಕೇಳಿದರು.

ನಾನು ಹೆಡ್ಮಾಸ್ಟರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. “ಎಲ್ಲಾ ಇದಾವೆ ಮೇಷ್ಟ್ರೇ” ಅಂದರು ಹೆಡ್ಮಾಸ್ಟರು.

ಆಮೇಲೆ ಮೇಷ್ಟ್ರು ಕೆಲಸ ಬಿಟ್ಟರು. ನಾನು ದಿನಾ ಸಂಜೆ ಅವರ ಮನೆಗೆ ಹೋಗುತ್ತಿದ್ದೆ. ಕೆಂಪು ಪುಸ್ತಕ ತಾ, ಓದಿ ಹೇಳು ಅಂದಾಗ, ಅದನ್ನು ಯಾರೋ ಹುಡುಗ ತೆಗೆದುಕೊಂಡು ಹೋಗಿದ್ದಾನೆ ಅಂದೆ. ಅವರ ಮುಖ ಅರಳಿತು. “ಹುಡುಗ್ರು ತಗೊಂಡ್ರಾ? ಓದ್ಲಿ ಬಿಡು, ಓದ್ಲಿ. ನಾನು ಕಾಯ್ತೀನಿ” ಅಂದರು. ಮುಂದಿನ ವಾರ ಕೇಳಿದಾಗ ಸ್ಟೇಷನ್ ಮಾಸ್ಟರ ತಮ್ಮ ಒಯ್ದಿದ್ದಾನೆ ಅಂದೆ. ಅದಾದ ಮೇಲೆ ಪೋಸ್ಟ್‌ಮ್ಯಾನು, ಆಮೇಲೆ ಅಕ್ಕಿ ಗಿರಣಿಯವರ ಸೊಸೆ. ನನ್ನ ಬಾಯಲ್ಲಿ ಅಜ್ಜಂಪುರವೆಲ್ಲ ಆ ಪುಸ್ತಕಕ್ಕೆ ಸರದಿ ನಿಂತಿತ್ತು. ಅವರು ಬೇಸರಪಡದೆ ಕೇಳುತ್ತಿದ್ದರು.

ಅಲ್ಲಿಯವರೆಗೆ ಏನಾದರೂ ಓದಬೇಕಲ್ಲ? ಪತ್ತೇದಾರಿ ಕಾದಂಬರಿ ಶುರು ಮಾಡಿದೆ. “ಯಾರು ಕೊಂದ್ರೆ ನನಗೇನಪ್ಪ” ಎಂದು ಅದನ್ನು ನಿಲ್ಲಿಸಿದರು. ಚೀಲದಲ್ಲಿ ಉಳಿದದ್ದು ನನ್ನ ಸಾಮಾನ್ಯ ವಿಜ್ಞಾನದ ಕೈಪಿಡಿ. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡ ಮಾಡಿ ಹೇಳುತ್ತ ಹೋದೆ. ಉಗಿಯಂತ್ರ ಆಯಿತು, ಮನುಷ್ಯನ ಹಲ್ಲುಗಳಾದವು, ಸೋಪು ತಯಾರಿಸುವ ಬಗೆ ಬಂತು. ಮೇಷ್ಟ್ರು ಕಣ್ಣು ಮುಚ್ಚಿ ಶ್ರದ್ಧೆಯಿಂದ ಕೇಳುತ್ತಿದ್ದರು, ನನ್ನ ಕನ್ನಡ ಕೆಟ್ಟಾಗ ತಿದ್ದುತ್ತಿದ್ದರು. ಸುಖಕ್ಕೆಂದು ಇಟ್ಟುಕೊಂಡಿದ್ದ ಬೇಸಿಗೆ ಮಣ್ಣಾಗಿ, ಆ ಮನುಷ್ಯನಿಗೆ ಕೊನೆಗೆ ಸಿಕ್ಕಿದ್ದು ನನ್ನ ಕೆಲಸದ ಪುಸ್ತಕ. ಎಷ್ಟೋ ಸಲ ಓದುತ್ತ ಓದುತ್ತ ನನಗೆ ಅಳು ಬಂದು, ಕೆಮ್ಮಿದಂತೆ ಮಾಡಿ ನಿಲ್ಲಿಸಿದ್ದೇನೆ.

ಶ್ರಾವಣದ ಒಂದು ಸಂಜೆ. ಹೊರಗೆ ಸಣ್ಣಗೆ ಮಳೆ. ಗೌರಮ್ಮನವರು ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು. ಮೇಷ್ಟ್ರು ಎಂದಿನಂತೆ ಕೇಳಿದರು.

“ಪುಸ್ತಕ ಈಗ ಯಾರ ಹತ್ರ ಇದೆ?”

“ಎಂಟನೇ ಕ್ಲಾಸಿನ ಹುಡುಗಿ ತಗೊಂಡಿದಾಳೆ ಸಾರ್.”

ಮೇಷ್ಟ್ರು ನಕ್ಕರು.

“ನಾನು ಈ ಊರಲ್ಲಿ ಜೀವಮಾನವೆಲ್ಲ ಪಾಠ ಹೇಳಿದೀನಿ ಕಣಪ್ಪ. ಇಷ್ಟು ಜನ ಓದೋ ಊರಲ್ಲ ಇದು.”

ನಾನು ಚೀಲದಿಂದ ಕೈಪಿಡಿ ತೆಗೆದೆ.

“ಗೆದ್ದಲು ಅಲ್ವಾ? ಅವತ್ತು ಬೀರು ತೆಗೆಯುವಾಗ್ಲೇ ವಾಸನೆ ಬಡೀತು. ಮಳೆ ಆಗಿರ್ಬೇಕು ಅಂದೆ. ಮಳೆನೇ ಆಗಿರ್ಲಪ್ಪಾ ಶಿವನೇ ಅಂತ ಅಂದೆ. ಒಂದು ಹಾಳೆನಾದ್ರೂ ಉಳಿದಿತ್ತಾ?”

“ಇಲ್ಲ ಸಾರ್.”

“ಹಂಗಾದ್ರೆ ಅವನು ಹೊಳೆ ದಾಟ್ಲಿಲ್ಲ.”

ಒಳಗೆ ಒಗ್ಗರಣೆಯ ಸದ್ದು ನಿಂತಿತು. ಮೇಷ್ಟ್ರು ಗೋಡೆಗೆ ಒರಗಿ, ಪಂಚೆ ಸರಿಮಾಡಿಕೊಂಡು, ನನ್ನ ಕಡೆಯೆಂದು ತಿಳಿದು ಬಾಗಿಲ ಕಡೆ ಮುಖ ತಿರುಗಿಸಿದರು.

“ಸೋಪು ಎಲ್ಲಿಗೆ ಬಂದಿತ್ತು? ಓದು.”

ನಾನು ಕೈಪಿಡಿ ತೆರೆದೆ. ಅಚ್ಚಿಗೆ ಹೊಯ್ದ ಮೇಲೆ ಗಟ್ಟಿಯಾಗುವವರೆಗೆ ಕದಲಿಸದೆ ಇಡಬೇಕು ಎಂದಿತ್ತು. ಓದಿದೆ.